ಮೇಕ್ ಕ್ಲೀನ್ ಹೊಡೆಯುವ ಮೊದಲು

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಲ್ಲೇ ಕೂತು ಕೆಲಸ ಮಾಡುವ ಸಾಫ್ಟ್‌ವೇರ್‌ನವರ ಎದುರು ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಕಮಾಂಡ್‌ಗಳನ್ನು ಇಲ್ಲಿ ಬಾಯಿಮಾತಿನಂತೆ, ಆಯ್ಕೆಗಳ ಮೊದಲು ಬರುವ ಹೈಫನ್‌ಗಳನ್ನು ಬಿಟ್ಟು, ಬಿಡಿಸಿ ಬರೆದಿದ್ದೇವೆ.

ಎಲ್ಲರಿಗೂ ನಮಸ್ಕಾರ. ಕೋಡ್‌ನಲ್ಲಿ ಏನೋ ತಿದ್ದುತ್ತೀರಿ, ಬಿಲ್ಡ್ ಮಾಡುತ್ತೀರಿ, ಓಡಿಸಿದರೆ ತಿದ್ದಿದ್ದು ಕಾಣಿಸುವುದಿಲ್ಲ. ಆಗ ಏನು ಮಾಡುತ್ತೀರಿ? ಹೆಚ್ಚಿನವರು ಕೋಡ್ ಕಂಪೈಲ್ ಮಾಡಿ ಪ್ರೋಗ್ರಾಮ್ ಕಟ್ಟುವ ಮೇಕ್ ಎಂಬ ಟೂಲ್‌ಗೆ ‘ಮೇಕ್ ಕ್ಲೀನ್’ ಹೊಡೆದು, ಹಿಂದೆ ಕಟ್ಟಿದ್ದನ್ನು ಅಳಿಸಿ, ಮೊದಲಿನಿಂದ ಎಲ್ಲವನ್ನೂ ಕಂಪೈಲ್ ಮಾಡುತ್ತಾರೆ. ಎರಡು ಸಲ ಹೀಗಾದರೆ ಮೂರನೇ ಸಲ ಕಾರಣ ಇಲ್ಲದಿದ್ದರೂ ಕೈ ತಾನಾಗಿ ಕ್ಲೀನ್ ಹೊಡೆಯುತ್ತದೆ. ಬೇಡದ ಕಂಪೈಲ್ ಶುರುವಾಗುವುದೇ ಅಲ್ಲಿಂದ. ಟೂಲ್ ನಿಧಾನ ಅಂತ ಬೈಯುವವರು ಬಹಳ. ಅದರ ಮೇಲೆ ನಮಗೆ ನಂಬಿಕೆ ಯಾಕೆ ಹೋಯಿತು ಅಂತ ನೋಡುವವರು ಕಡಿಮೆ. ಇವತ್ತಿನ ಮಾತೆಲ್ಲ ಆ ನಂಬಿಕೆಯನ್ನು ವಾಪಸ್ ತರುವುದರ ಬಗ್ಗೆ.

ಕೊಯ್ಲಿನ ಹೊತ್ತಿನಲ್ಲಿ ಅಡಿಕೆ ಮನೆಗಳನ್ನು ನೀವೆಲ್ಲ ನೋಡಿದ್ದೀರಿ. ಸುಲಿದು, ಚೊಗರು (ಅಡಿಕೆಗೆ ಬಣ್ಣ ಕೊಡುವ ಕಷಾಯ) ಹಾಕಿ ಹಂಡೆಯಲ್ಲಿ ಬೇಯಿಸಿ, ಒಣಗಲು ಹರವಿಟ್ಟಿರುತ್ತಾರೆ. ಸಂಜೆ ಇನ್ನೊಂದು ಬುಟ್ಟಿ ಹಸಿ ಅಡಿಕೆ ಬಂತು ಅಂತ ಒಣಗಿದ್ದನ್ನೆಲ್ಲ ಮತ್ತೆ ಹಂಡೆಗೆ ಸುರಿಯುವವರು ಯಾರೂ ಇಲ್ಲ. ಚೊಗರೇ ಕೆಟ್ಟಿದ್ದರೆ ಮಾತ್ರ ಕಥೆ ಬೇರೆ, ಅದರಲ್ಲಿ ಬೆಂದ ಅಷ್ಟರ ಬಣ್ಣವೂ ಹೋಗಿರುತ್ತದೆ. ಸಿ ಫೈಲ್ ಅಂದರೆ ಬುಟ್ಟಿ, ಹಲವು ಸಿ ಫೈಲ್‌ಗಳು ಒಟ್ಟಿಗೆ ಬಳಸುವ ಹೆಡರ್ ಫೈಲ್ ಅಂದರೆ ಚೊಗರು. ಯಾವುದು ಯಾವುದರಲ್ಲಿ ಬೆಂದಿದೆ ಅನ್ನುವ ಲೆಕ್ಕ ಬಿಲ್ಡ್ ಟೂಲ್‌ಗೆ ಗೊತ್ತಿರಬೇಕು. ಲೆಕ್ಕ ಹೆಚ್ಚಾಗಿ ಕೊಟ್ಟರೆ ಬೇಡದ್ದೂ ಕಂಪೈಲ್ ಆಗುತ್ತದೆ, ಕಡಿಮೆ ಕೊಟ್ಟರೆ ಬೇಕಾದ್ದು ಕಂಪೈಲ್ ಆಗುವುದಿಲ್ಲ. ಎರಡನೆಯದು ಹೆಚ್ಚು ಅಪಾಯ.

ಮಾತಿಗೆ ಒಂದು ಪ್ರೋಗ್ರಾಮ್ ಇಟ್ಟುಕೊಳ್ಳೋಣ. ಅಡಿಕೆ ಮಂಡಿಯ ಲೆಕ್ಕ, ಸಿ ಭಾಷೆಯಲ್ಲಿ ಬರೆದದ್ದು, ಒಟ್ಟು 40 ಸಿ ಫೈಲ್. ತೂಕ.ಸಿ, ದರ.ಸಿ, ರಸೀದಿ.ಸಿ ಹೀಗೆ. ಎಲ್ಲದಕ್ಕೂ ಲಾಟು.ಎಚ್ ಅನ್ನುವ ಒಂದು ಹೆಡರ್ ಬೇಕು; ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಬಗೆಗಳೂ ಲಾಟಿನ ನಂಬರು, ತೂಕಗಳೂ ಅದರಲ್ಲಿವೆ. ಒಂದು ಫೈಲಿಗೆ 3 ಸೆಕೆಂಡ್ ಅಂದುಕೊಂಡರೆ ಎಲ್ಲಕ್ಕೂ 120 ಸೆಕೆಂಡ್. ನಾಲ್ಕು ಕೋರ್ ಇದ್ದು, ಮೇಕ್‌ಗೆ ‘ಜೆ 4’ ಕೊಟ್ಟರೆ ಸುಮಾರು 30. ರಸೀದಿ.ಸಿ ಒಂದನ್ನೇ ತಿದ್ದಿದಾಗ ಆಗಬೇಕಾದ್ದು 3 ಸೆಕೆಂಡ್ ಮತ್ತು ಲಿಂಕ್ ಮಾಡುವ, ಅಂದರೆ ಎಲ್ಲ ತುಂಡುಗಳನ್ನು ಸೇರಿಸಿ ಒಂದು ಪ್ರೋಗ್ರಾಮ್ ಮಾಡುವ, ಹೊತ್ತು. ದಿನಕ್ಕೆ ನೂರು ಸಲ ಬಿಲ್ಡ್ ಮಾಡುವವರಿಗೆ ಈ ವ್ಯತ್ಯಾಸ ಎಷ್ಟು ಅಂತ ನೀವೇ ಗುಣಿಸಿ.

ಮೇಕ್ ಬರೆದವರು ಸ್ಟುವರ್ಟ್ ಫೆಲ್ಡ್‌ಮನ್, 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅವರ ಸಹೋದ್ಯೋಗಿಯೊಬ್ಬರು ತಪ್ಪನ್ನು ಆಗಲೇ ತಿದ್ದಿಯಾಗಿದ್ದ ಪ್ರೋಗ್ರಾಮನ್ನು ಒಂದು ಬೆಳಗ್ಗೆಯೆಲ್ಲ ಡೀಬಗ್ ಮಾಡಿದ್ದರು. ತಿದ್ದಿದ ಫೈಲ್ ಕಂಪೈಲ್ ಆಗಿರಲಿಲ್ಲ, ಅಷ್ಟೇ. ಮೇಕ್ ಹುಟ್ಟಿದ್ದೇ ಆ ಗೋಳಿನಿಂದ. ಅದರ ನಿಯಮ ಇವತ್ತಿಗೂ ಒಂದೇ: ಟಾರ್ಗೆಟ್, ಅಂದರೆ ಮಾಡಬೇಕಾದ ಫೈಲ್, ಇಲ್ಲದಿದ್ದರೆ, ಅಥವಾ ಅದು ಅವಲಂಬಿಸಿದ ಯಾವುದಾದರೂ ಫೈಲ್ ಅದಕ್ಕಿಂತ ಹೊಸದಾಗಿದ್ದರೆ, ಮತ್ತೆ ಮಾಡು. ಹೊಸದು ಅಂದರೆ ಕೊನೆಯ ಸಲ ಬರೆದ ಸಮಯ ಹೊಸದು. ಒಳಗೆ ಏನಿದೆ ಅಂತ ಮೇಕ್ ನೋಡುವುದೇ ಇಲ್ಲ. ಫೈಲ್ ತೆರೆದು ಒಂದು ಸ್ಪೇಸ್ ಹಾಕಿ, ಅಳಿಸಿ, ಸೇವ್ ಮಾಡಿದರೂ ಅದರ ಲೆಕ್ಕಕ್ಕೆ ಅದು ಹೊಸ ಫೈಲೇ.

ಹೆಡರ್‌ನ ಲೆಕ್ಕ ಕೈಯಲ್ಲಿ ಬರೆಯಬೇಡಿ

ಮೇಕ್‌ಗೆ ಲೆಕ್ಕ ಬರೆದುಕೊಡುವ ಮೇಕ್‌ಫೈಲ್‌ನಲ್ಲಿ ‘ರಸೀದಿ.ಒ ಬೇಕಾದರೆ ರಸೀದಿ.ಸಿ ಬೇಕು’ ಅಂತ ಮಾತ್ರ ಬರೆದಿದ್ದರೆ (ಒ ಅಂದರೆ ಒಂದು ಸಿ ಫೈಲ್ ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಫೈಲ್), ಲಾಟು.ಎಚ್ ತಿದ್ದಿದಾಗ ಏನೂ ಆಗುವುದಿಲ್ಲ. ಲಾಟಿನ ಸ್ಟ್ರಕ್ಚರ್‌ಗೆ ಹೊಸ ಫೀಲ್ಡ್ ಸೇರಿಸಿದ್ದೀರಿ ಅನ್ನಿ. ಅದೇ ಹೊತ್ತಿಗೆ ತಿದ್ದಿದ ತೂಕ.ಸಿ ಹೊಸ ಅಳತೆಯಲ್ಲಿ ಕಂಪೈಲ್ ಆಗಿದೆ, ರಸೀದಿ.ಒ ಹಳೇ ಅಳತೆಯಲ್ಲೇ ಕೂತಿದೆ. ಸಿ ಭಾಷೆಯ ಲಿಂಕರ್‌ಗೆ ಹೆಸರು ಹೊಂದಿದರೆ ಸಾಕು, ಅಳತೆ ಅದಕ್ಕೆ ಗೊತ್ತಿಲ್ಲ. ಪ್ರೋಗ್ರಾಮ್ ಓಡುತ್ತದೆ, ತೂಕದ ಜಾಗದಲ್ಲಿ ಲಾಟಿನ ನಂಬರ್ ಪ್ರಿಂಟ್ ಆಗುತ್ತದೆ. ಒಂದು ಸಲ ಹೀಗೆ ಪೆಟ್ಟು ತಿಂದವರು ಆಮೇಲೆ ಜೀವಮಾನವೆಲ್ಲ ಕ್ಲೀನ್ ಹೊಡೆಯುತ್ತಾರೆ.

ಇದಕ್ಕೆ ಹೆದರಿ ಕೆಲವರು ಉಲ್ಟಾ ದಾರಿ ಹಿಡಿಯುತ್ತಾರೆ: ಎಲ್ಲ ಆಬ್ಜೆಕ್ಟ್ ಫೈಲ್‌ಗಳೂ ಎಲ್ಲ ಹೆಡರ್‌ಗಳನ್ನು ಅವಲಂಬಿಸಿವೆ ಅಂತ ಒಂದೇ ಸಾಲು. ಫಲಿತಾಂಶ ಸರಿ ಬರುತ್ತದೆ, ಆದರೆ ಯಾವ ಮೂಲೆಯ ಹೆಡರ್ ಮುಟ್ಟಿದರೂ ನಲವತ್ತೂ ಕಂಪೈಲ್ ಆಗುತ್ತವೆ.

ಸರಿಯಾದ ದಾರಿ ಕಂಪೈಲರ್‌ನನ್ನೇ ಕೇಳುವುದು. ಯಾವ ಸಿ ಫೈಲ್ ಯಾವ ಹೆಡರ್ ತೆರೆಯಿತು ಅನ್ನುವುದು ಅದಕ್ಕಲ್ಲದೆ ಇನ್ನಾರಿಗೆ ಗೊತ್ತು? ಜಿಸಿಸಿ ಆಗಲಿ ಕ್ಲ್ಯಾಂಗ್ ಆಗಲಿ, ಕಂಪೈಲ್ ಮಾಡುವಾಗ ‘ಎಂಎಂಡಿ’ ಮತ್ತು ‘ಎಂಪಿ’ ಎಂಬ ಎರಡು ಫ್ಲ್ಯಾಗ್ ಕೊಡಿ. ಮೊದಲನೆಯದು ರಸೀದಿ.ಒ ಜೊತೆಗೆ ರಸೀದಿ.ಡಿ ಎಂಬ ಪುಟ್ಟ ಫೈಲ್ ಬರೆಯುತ್ತದೆ. ಅದನ್ನು ತೆರೆದು ನೋಡಿ, ಮೇಕ್ ಓದುವ ಭಾಷೆಯಲ್ಲೇ ಇದೆ: ರಸೀದಿ.ಒ, ಕೋಲನ್, ಆಮೇಲೆ ರಸೀದಿ.ಸಿ, ಲಾಟು.ಎಚ್, ಹೀಗೆ ಸಿಸ್ಟಮ್ ಹೆಡರ್‌ಗಳನ್ನು ಬಿಟ್ಟು ತೆರೆದ ಪ್ರತಿ ಫೈಲಿನ ಹೆಸರು. ಮೇಕ್‌ಫೈಲ್‌ನ ಕೊನೆಯಲ್ಲಿ ಈ ಡಿ ಫೈಲ್‌ಗಳನ್ನೆಲ್ಲ ಇನ್‌ಕ್ಲೂಡ್ ಮಾಡಿ, ಇನ್‌ಕ್ಲೂಡ್ ಪದಕ್ಕಿಂತ ಮೊದಲು ಒಂದು ಹೈಫನ್ ಹಾಕಿ. ಮೊದಲ ಬಿಲ್ಡ್‌ನಲ್ಲಿ ಡಿ ಫೈಲ್ ಒಂದೂ ಇರುವುದಿಲ್ಲ. ಹೈಫನ್ ಇದ್ದರೆ ಮೇಕ್ ತಕರಾರು ಮಾಡದೆ ಮುಂದೆ ಹೋಗುತ್ತದೆ. ಆಗ ಲೆಕ್ಕ ಇಲ್ಲದಿದ್ದರೂ ನಷ್ಟವಿಲ್ಲ, ಯಾಕೆಂದರೆ ಆಬ್ಜೆಕ್ಟ್ ಫೈಲೂ ಇಲ್ಲ, ಎಲ್ಲವೂ ಹೇಗೂ ಕಂಪೈಲ್ ಆಗಬೇಕು.

ಎಂಪಿ ಯಾಕೆ? ನಾಳೆ ಲಾಟು.ಎಚ್ ಅಳಿಸಿ ಸರಕುಪಟ್ಟಿ.ಎಚ್ ಅಂತ ಹೆಸರು ಬದಲಿಸುತ್ತೀರಿ. ಹಳೇ ಡಿ ಫೈಲ್‌ನಲ್ಲಿ ಲಾಟು.ಎಚ್ ಹೆಸರು ಇನ್ನೂ ಇದೆ. ‘ಇದನ್ನು ಮಾಡುವ ರೂಲ್ ಇಲ್ಲ’ ಅಂತ ಮೇಕ್ ನಿಂತುಬಿಡುತ್ತದೆ, ನೀವು ಮತ್ತೆ ಕ್ಲೀನ್ ಹೊಡೆಯುತ್ತೀರಿ. ಎಂಪಿ ಕೊಟ್ಟರೆ ಪ್ರತಿ ಹೆಡರ್‌ಗೂ ಒಂದು ಖಾಲಿ ರೂಲ್ ಸೇರುತ್ತದೆ. ಹೆಡರ್ ಇಲ್ಲದಿದ್ದರೆ ಅದು ಬದಲಾಗಿದೆ ಅಂತ ತಿಳಿದು ಸಂಬಂಧಪಟ್ಟ ಫೈಲ್‌ಗಳನ್ನಷ್ಟೇ ಕಂಪೈಲ್ ಮಾಡುತ್ತದೆ. ಎರಡಕ್ಷರದ ಫ್ಲ್ಯಾಗ್. ಇದನ್ನು ಬಿಟ್ಟ ಮೇಕ್‌ಫೈಲ್‌ಗಳು ಇವತ್ತಿಗೂ ಬೇಕಾದಷ್ಟಿವೆ.

ಯಾಕೆ ಅಂತ ಕೇಳಿ

ಇಷ್ಟು ಮಾಡಿದ ಮೇಲೂ ಬೇಡದ್ದು ಕಂಪೈಲ್ ಆಗುತ್ತಿದ್ದರೆ ಊಹೆ ಮಾಡುತ್ತ ಕೂರಬೇಡಿ. ಒಂದು ಸಲ ಪೂರ್ತಿ ಬಿಲ್ಡ್ ಮಾಡಿ. ಏನನ್ನೂ ಮುಟ್ಟದೆ ಇನ್ನೊಂದು ಸಲ ‘ಮೇಕ್ ಎನ್’ ಹೊಡೆಯಿರಿ. ಇದು ಏನು ಮಾಡಬೇಕೆಂದಿದೆ ಅಂತ ಹೇಳುತ್ತದೆ, ಮಾಡುವುದಿಲ್ಲ. ಏನೂ ಕೆಲಸ ಇಲ್ಲ ಅಂತ ಬರಬೇಕು. ಒಂದೇ ಒಂದು ಕಂಪೈಲ್ ಸಾಲು ಕಂಡರೂ ನಿಮ್ಮ ಲೆಕ್ಕದಲ್ಲಿ ತೂತಿದೆ. ನಮ್ಮ ಪ್ರಕಾರ ಈ ‘ಎರಡನೇ ಬಿಲ್ಡ್’ ಪರೀಕ್ಷೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ.

ತೂತು ಎಲ್ಲಿ ಅಂತ ತಿಳಿಯಲು ‘ಟ್ರೇಸ್’ ಆಯ್ಕೆ ಇದೆ, ಗ್ನೂ ಮೇಕ್ 4.0ರಿಂದ. ಮೇಕ್‌ಫೈಲ್‌ನ ಇಷ್ಟನೇ ಸಾಲು, ಈ ಟಾರ್ಗೆಟ್, ಕಾರಣ ಈ ಫೈಲ್ ಅಂತ ನೇರವಾಗಿ ಹೇಳುತ್ತದೆ. ಮ್ಯಾಕ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ಆಪಲ್ ಜೊತೆಗೆ ಕೊಡುವುದು ಹಳೇ 3.81, ಅದರಲ್ಲಿ ಟ್ರೇಸ್ ಇಲ್ಲ. ಅಲ್ಲಿ ‘ಡೀಬಗ್’ ಆಯ್ಕೆಗೆ ‘ಬಿ’ ಕೊಟ್ಟರೆ ಯಾವ ಫೈಲ್ ಯಾವುದಕ್ಕಿಂತ ಹೊಸದು ಅಂತ ಬರುತ್ತದೆ. ನಿಂಜಾ ಎಂಬ ಇನ್ನೊಂದು ಬಿಲ್ಡ್ ಟೂಲ್ ಬಳಸುವವರು ‘ಡಿ ಎಕ್ಸ್‌ಪ್ಲೇನ್’ ಕೊಡಿ. ಕಾರಣ ಕೇಳಿದಾಗ ಸಿಗುವ ಕಳ್ಳರು ಹೆಚ್ಚಾಗಿ ಇವರೇ.

ಮೊದಲನೆಯದು ಡೈರೆಕ್ಟರಿ. ಆಬ್ಜೆಕ್ಟ್ ಫೈಲ್‌ಗಳು ‘ಬಿಲ್ಡ್’ ಎಂಬ ಫೋಲ್ಡರಿಗೆ ಹೋಗಲಿ, ಅದು ಮೊದಲೇ ಇರಲಿ ಅಂತ ಅದನ್ನು ಅವಲಂಬನೆಯಾಗಿ ಬರೆಯುತ್ತಾರೆ. ಫೋಲ್ಡರಿನೊಳಗೆ ಫೈಲ್ ಸೇರಿದರೆ ಅಥವಾ ಅಳಿದರೆ ಫೋಲ್ಡರಿನ ಸಮಯ ಬದಲಾಗುತ್ತದೆ. ಮೊದಲ ಆಬ್ಜೆಕ್ಟ್ ಬರೆದಾಗ ಫೋಲ್ಡರ್ ಹೊಸದಾಯಿತು, ಎರಡನೆಯದು ಬರೆದಾಗ ಇನ್ನೂ ಹೊಸದಾಯಿತು. ಈಗ ಮೊದಲನೆಯದು ಫೋಲ್ಡರಿಗಿಂತ ಹಳತು. ಮುಂದಿನ ಬಿಲ್ಡ್‌ನಲ್ಲಿ ಕೊನೆಯದೊಂದು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಮತ್ತೆ. ಪರಿಹಾರ ಒಂದು ಗೆರೆಯಷ್ಟೇ ದೂರ: ಅವಲಂಬನೆಗಳ ಪಟ್ಟಿಯಲ್ಲಿ ನೆಟ್ಟನೆ ಗೆರೆ ಹಾಕಿ ಅದರ ಬಲಕ್ಕೆ ಫೋಲ್ಡರ್ ಹೆಸರು ಬರೆಯಿರಿ. ‘ಇದು ಇರಬೇಕು, ಇದರ ಸಮಯ ನೋಡಬೇಡ’ ಅಂತ ಅರ್ಥ.

ಎರಡನೆಯದು ಫೋನಿ ಟಾರ್ಗೆಟ್, ಅಂದರೆ ಫೈಲ್ ಅಲ್ಲದ, ಬರೀ ಹೆಸರಿನ ಟಾರ್ಗೆಟ್. ನಿಜವಾದ ಫೈಲೊಂದು ಫೋನಿಯನ್ನು ಅವಲಂಬಿಸಿದರೆ ಆ ಫೈಲ್ ಪ್ರತಿ ಸಲವೂ ಆಗಲೇಬೇಕು. ಬೇರೇನೂ ಹೇಳುವುದಿಲ್ಲ, ಅದನ್ನು ಹಾಗೆ ಬರೆಯಬೇಡಿ.

ಮೂರನೆಯವನು ದೊಡ್ಡ ಕಳ್ಳ: ವರ್ಷನ್ ಹೆಡರ್. ಪ್ರೋಗ್ರಾಮ್ ತನ್ನ ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಟೂಲ್) ಕಮಿಟ್ ನಂಬರ್ ತೋರಿಸಲಿ ಅಂತ ಪ್ರತಿ ಬಿಲ್ಡ್‌ನಲ್ಲೂ ವರ್ಷನ್.ಎಚ್ ಬರೆಯುವ ಸ್ಕ್ರಿಪ್ಟ್ ಇರುತ್ತದೆ. ಕಮಿಟ್ ಬದಲಾಗದಿದ್ದರೂ ಫೈಲ್ ಹೊಸದಾಗಿ ಬರೆಯಲ್ಪಡುತ್ತದೆ, ಅದನ್ನು ಇನ್‌ಕ್ಲೂಡ್ ಮಾಡಿದವರೆಲ್ಲ ಕಂಪೈಲ್. ಹೀಗೆ ಮಾಡಿ: ಸ್ಕ್ರಿಪ್ಟ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಲಿ. ‘ಸಿಎಂಪಿ’ ಕಮಾಂಡ್‌ನಿಂದ ಹಳೆಯದರ ಜೊತೆ ಹೋಲಿಸಲಿ. ಎರಡೂ ಒಂದೇ ಆದರೆ ತಾತ್ಕಾಲಿಕವನ್ನು ಅಳಿಸಲಿ, ಬೇರೆಯಾದರೆ ಮಾತ್ರ ‘ಎಂವಿ’ಯಿಂದ ಹೆಸರು ಬದಲಿಸಿ ಮೇಲೆ ಹಾಕಲಿ. ರೂಲ್ ಪ್ರತಿ ಸಲ ಓಡಲು ‘ಫೋರ್ಸ್’ ಎಂಬ ಖಾಲಿ ಟಾರ್ಗೆಟ್ ಅವಲಂಬನೆಯಾಗಿರಲಿ. ಕಮಾಂಡ್ ಓಡಿದ ಮೇಲೆ ಗ್ನೂ ಮೇಕ್ ಫೈಲಿನ ಸಮಯವನ್ನು ಇನ್ನೊಮ್ಮೆ ನೋಡುತ್ತದೆ. ಬದಲಾಗದಿದ್ದರೆ ಮುಂದಿನವರನ್ನು ಎಬ್ಬಿಸುವುದಿಲ್ಲ. ‘ಮೇಕ್ ಎನ್’ ಕಮಾಂಡ್ ಓಡಿಸದ ಕಾರಣ ಇಂಥ ರೂಲ್ ಇದ್ದಾಗ ಎರಡನೇ ಬಿಲ್ಡ್ ಪರೀಕ್ಷೆಯನ್ನು ಬರೀ ‘ಮೇಕ್’ನಿಂದ ಮಾಡಿ. ನಿಂಜಾದಲ್ಲಿ ಇದು ತಾನಾಗಿ ಆಗುವುದಿಲ್ಲ, ಆ ರೂಲ್‌ಗೆ ‘ರೀಸ್ಟ್ಯಾಟ್’ 1 ಅಂತ ಕೊಡಬೇಕು. ಇಷ್ಟರ ಮೇಲೂ ವರ್ಷನ್.ಎಚ್ ಅನ್ನು ಒಂದೇ ಒಂದು ಸಿ ಫೈಲ್ ಇನ್‌ಕ್ಲೂಡ್ ಮಾಡುವಂತೆ ನೋಡಿಕೊಳ್ಳಿ, ಉಳಿದವರಿಗೆ ಒಂದು ಫಂಕ್ಷನ್ ಕೊಡಿ. ಕಮಿಟ್ ಮಾಡಿದ ಪ್ರತಿ ಸಲ ನಲವತ್ತರ ಬದಲು ಒಂದು ಕಂಪೈಲ್.

ಕಂಪೈಲ್ ಫ್ಲ್ಯಾಗ್ ಬದಲಾದದ್ದು ಮೇಕ್‌ಗೆ ತಿಳಿಯುವುದೇ ಇಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಆಪ್ಟಿಮೈಸೇಶನ್ ಓ2ರಿಂದ ಓ0ಗೆ ಇಳಿಸಿದಿರಿ, ಯಾವ ಫೈಲಿನ ಸಮಯವೂ ಬದಲಾಗಿಲ್ಲ, ಏನೂ ಆಗುವುದಿಲ್ಲ. ಮೇಲಿನ ಉಪಾಯವೇ ಇಲ್ಲೂ ನಡೆಯುತ್ತದೆ: ಫ್ಲ್ಯಾಗ್‌ಗಳನ್ನು ಒಂದು ಫೈಲಿಗೆ ಬರೆದು, ಬದಲಾದರೆ ಮಾತ್ರ ಮೇಲೆ ಹಾಕಿ, ಆಬ್ಜೆಕ್ಟ್‌ಗಳು ಅದನ್ನು ಅವಲಂಬಿಸಲಿ. ನಿಂಜಾ ಪ್ರತಿ ಕಮಾಂಡ್‌ನ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಅನ್ನು ತನ್ನ ಲಾಗ್‌ನಲ್ಲಿ ಇಟ್ಟುಕೊಳ್ಳುವುದರಿಂದ ಅದಕ್ಕೆ ಈ ಕಷ್ಟ ಇಲ್ಲ.

ಕರೆಂಟು, ಗಡಿಯಾರ, ಪೆನ್‌ಡ್ರೈವ್

ಈ ಭಾಗ ನಮ್ಮ ಕಡೆಯವರಿಗೆ ವಿಶೇಷವಾಗಿ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸ ಸುದ್ದಿಯಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಓಡುವಾಗ ಕರೆಂಟು ಹೋದರೆ ಅರ್ಧ ಬರೆದ ಅಥವಾ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲ್ ಉಳಿಯಬಹುದು. ಅದರ ಸಮಯ ಹೊಸದು, ಹಾಗಾಗಿ ಮೇಕ್ ಅದನ್ನು ಮುಟ್ಟುವುದಿಲ್ಲ; ಲಿಂಕರ್ ‘ಫೈಲ್ ಗುರುತು ಸಿಗುತ್ತಿಲ್ಲ, ತುಂಡಾಗಿದೆ’ ಅಂತ ಬೈಯುತ್ತದೆ. ಬೈದ ಸಾಲಿನಲ್ಲೇ ಫೈಲಿನ ಹೆಸರಿರುತ್ತದೆ. ಅದನ್ನಷ್ಟೇ ಅಳಿಸಿ. ಸೊನ್ನೆ ಬೈಟಿನವನ್ನು ‘ಫೈಂಡ್’ ಕಮಾಂಡ್‌ಗೆ ‘ಸೈಜ್ 0’ ಕೊಟ್ಟು ಒಟ್ಟಿಗೆ ಹಿಡಿಯಬಹುದು. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೆ ಈ ತೊಂದರೆ ಇಲ್ಲ, ಅರ್ಧ ಆದದ್ದನ್ನು ಮೇಕ್ ತಾನೇ ಅಳಿಸುತ್ತದೆ. ಕಮಾಂಡ್ ತಪ್ಪಾಗಿ ಮುಗಿದಾಗಲೂ ಅಳಿಸಲಿ ಅಂದರೆ ಮೇಕ್‌ಫೈಲ್‌ನಲ್ಲಿ ‘ಡಿಲೀಟ್ ಆನ್ ಎರರ್’ ಎಂಬ ವಿಶೇಷ ಟಾರ್ಗೆಟ್ ಬರೆಯಬೇಕು. ಒಂದು ಸಾಲು, ಎಲ್ಲರೂ ಬರೆಯಲಿ ಅನ್ನುವುದು ನಮ್ಮ ಅಭಿಪ್ರಾಯ.

ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಕರೆಂಟು ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ನೆಟ್ ಇದ್ದರೆ ಸರಿಹೋಗುತ್ತದೆ, ಮಳೆಗೆ ನೆಟ್ಟೂ ಹೋಗಿದ್ದರೆ? ಈಗ ನೀವು ತಿದ್ದುವ ರಸೀದಿ.ಸಿ, ನಿನ್ನೆ ಕಂಪೈಲ್ ಆದ ರಸೀದಿ.ಒಗಿಂತ ಹಳತಾಗಿ ಕಾಣುತ್ತದೆ. ಎಷ್ಟು ಸಲ ಮೇಕ್ ಹೊಡೆದರೂ ‘ಹೊಸದಾಗಿಯೇ ಇದೆ’ ಅನ್ನುತ್ತದೆ. ಮುಂದಿನ ದಿನಾಂಕದ ಫೈಲ್ ಕಂಡಾಗ ‘ಕ್ಲಾಕ್ ಸ್ಕ್ಯೂ’ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಓದಿ. ಗಡಿಯಾರ ಸರಿ ಮಾಡಿ, ತಪ್ಪು ಸಮಯದಲ್ಲಿ ತಿದ್ದಿದ ಫೈಲ್‌ಗಳಿಗೆ ‘ಟಚ್’ ಹೊಡೆದು ಈಗಿನ ಸಮಯ ಹಾಕಿದರೆ ಮುಗಿಯಿತು.

ನೆಟ್ ಇಲ್ಲದಾಗ ಪ್ರಾಜೆಕ್ಟ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದೂ ಇದೆ. ಬರೀ ‘ಸಿಪಿ’ಯಿಂದ ನಕಲು ಮಾಡಿದರೆ ಪ್ರತಿ ಫೈಲಿಗೂ ನಕಲಾದ ಕ್ಷಣದ ಸಮಯ ಬೀಳುತ್ತದೆ. ಯಾವುದು ಮೊದಲು ನಕಲಾಯಿತೋ ಅದು ಹಳತು, ಅಂದರೆ ಲೆಕ್ಕವೆಲ್ಲ ಕಲಸುಮೇಲೋಗರ. ‘ಸಿಪಿ’ಗೆ ‘ಎ’ ಕೊಡಿ, ಇಲ್ಲವೇ ಆರ್‌ಸಿಂಕ್‌ಗೆ ‘ಎ’ ಕೊಡಿ, ಸಮಯ ಉಳಿಯುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ ಅದು ಸಮಯವನ್ನು 2 ಸೆಕೆಂಡ್ ಅಳತೆಯಲ್ಲೇ ಇಡುತ್ತದೆ, ಬೇಗ ಬೇಗ ಬರೆದ ಫೈಲ್‌ಗಳ ಹಿಂದುಮುಂದು ಅಳಿಸಿಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಆಬ್ಜೆಕ್ಟ್‌ಗಳನ್ನು ಒಯ್ಯದೆ ಗಿಟ್ ರೆಪೊಸಿಟರಿಯನ್ನಷ್ಟೇ ಒಯ್ಯುವುದು.

ಸಮಯ ಬಿಟ್ಟು ಒಳಗನ್ನು ನೋಡುವವರು

ಗಿಟ್ ಫೈಲಿನ ಸಮಯವನ್ನು ಇಟ್ಟುಕೊಳ್ಳುವುದಿಲ್ಲ. ಬೇರೆ ಬ್ರ್ಯಾಂಚಿಗೆ (ಕೋಡ್‌ನ ಇನ್ನೊಂದು ಕವಲಿಗೆ) ಹೋಗಿ ಏನೂ ಮಾಡದೆ ವಾಪಸ್ ಬಂದರೂ, ಎರಡು ಬ್ರ್ಯಾಂಚ್‌ಗಳಲ್ಲಿ ಬೇರೆಯಾಗಿದ್ದ ಫೈಲ್‌ಗಳೆಲ್ಲ ಈಗಿನ ಸಮಯ ಹೊತ್ತು ಕೂತಿರುತ್ತವೆ. ಅದರಲ್ಲಿ ಲಾಟು.ಎಚ್ ಇದ್ದರೆ ನಲವತ್ತೂ ಮತ್ತೆ. ಎರಡು ಬ್ರ್ಯಾಂಚ್‌ಗಳ ನಡುವೆ ಓಡಾಡುವವರು ‘ಗಿಟ್ ವರ್ಕ್‌ಟ್ರೀ’ ಬಳಸಿ, 2015ರಲ್ಲಿ ಬಂದ 2.5ರಿಂದ ಇದೆ. ಪ್ರತಿ ಬ್ರ್ಯಾಂಚಿಗೆ ಬೇರೆ ಫೋಲ್ಡರ್, ಅದರದ್ದೇ ಆಬ್ಜೆಕ್ಟ್‌ಗಳು.

ಇಲ್ಲವೇ ಸಿಕ್ಯಾಶ್, ಹಿಂದೆ ಕಂಪೈಲ್ ಆದದ್ದನ್ನು ಕೂಡಿಟ್ಟುಕೊಳ್ಳುವ ಟೂಲ್. ಕಂಪೈಲರ್‌ನ ಮುಂದೆ ಅದನ್ನು ಕೂರಿಸಿದರೆ ಸೋರ್ಸ್, ಹೆಡರ್, ಫ್ಲ್ಯಾಗ್, ಕಂಪೈಲರ್ ಎಲ್ಲದರಿಂದ ಒಂದು ಹ್ಯಾಶ್ ತೆಗೆದು, ಹಿಂದೆ ಯಾವಾಗಲಾದರೂ ಇದನ್ನೇ ಕಂಪೈಲ್ ಮಾಡಿದ್ದರೆ ಆಗಿನ ಆಬ್ಜೆಕ್ಟ್ ಫೈಲನ್ನೇ ತಂದುಕೊಡುತ್ತದೆ. ಮೇಕ್ ಬೇಡದ ಕಂಪೈಲ್ ಕರೆದರೂ ಅದು ಕ್ಷಣದಲ್ಲಿ ಮುಗಿಯುತ್ತದೆ. ‘ಸಿಕ್ಯಾಶ್ ಎಸ್’ ಹೊಡೆದರೆ ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು ಅನ್ನುವ ಲೆಕ್ಕ. ತಪ್ಪುವುದು ಹೆಚ್ಚಾಗಿದ್ದರೆ ಎರಡು ಕಡೆ ನೋಡಿ. ಒಂದು, ಕೋಡ್‌ನಲ್ಲಿ ‘ಟೈಮ್’ ಎಂಬ ಪ್ರೀಪ್ರೊಸೆಸರ್ ಮ್ಯಾಕ್ರೋ ಬಳಸಿದ್ದೀರಾ? ಅದು ಸೆಕೆಂಡಿಗೊಂದು ಬೆಲೆ ಕೊಡುತ್ತದೆ, ಕ್ಯಾಶ್‌ಗೆ ಸಿಕ್ಕುವ ಮಾತೇ ಇಲ್ಲ. ಇನ್ನೊಂದು, ಫೋಲ್ಡರಿನ ಪೂರ್ತಿ ವಿಳಾಸ. ಡೀಬಗ್ ಮಾಹಿತಿ ಸಹಿತ ಕಂಪೈಲ್ ಮಾಡುವಾಗ ಕೆಲಸದ ಫೋಲ್ಡರಿನ ಹೆಸರೂ ಹ್ಯಾಶ್‌ಗೆ ಸೇರುತ್ತದೆ, ಹಾಗಾಗಿ ಒಂದು ವರ್ಕ್‌ಟ್ರೀಯಲ್ಲಿ ಆದದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ‘ಬೇಸ್ ಡೈರ್’ ಕೊಟ್ಟು ‘ಹ್ಯಾಶ್ ಡೈರ್’ ಆಫ್ ಮಾಡಿದರೆ ಸಿಗುತ್ತದೆ; ಡೀಬಗರ್ ಸೋರ್ಸ್ ಹುಡುಕುವಾಗ ಇನ್ನೊಂದು ಫೋಲ್ಡರಿಗೆ ಕರೆದೊಯ್ಯಬಹುದು ಅನ್ನುವುದು ಅದಕ್ಕೆ ತೆರುವ ಬೆಲೆ. ಲಿಂಕ್ ಮಾಡುವ ಹೊತ್ತನ್ನು ಸಿಕ್ಯಾಶ್ ಕಡಿಮೆ ಮಾಡುವುದಿಲ್ಲ.

ಬೇಝಲ್, ಎಸ್‌ಕಾನ್ಸ್ ಎಂಬ ಬಿಲ್ಡ್ ಟೂಲ್‌ಗಳು, 1.10ರಿಂದ ಈಚಿನ ಗೋ ಭಾಷೆಯ ಟೂಲ್, ಇವೆಲ್ಲ ಮೊದಲಿನಿಂದಲೇ ಒಳಗನ್ನು ನೋಡುವ ಜಾತಿ. ಜಾವಾದ ಬಿಲ್ಡ್ ಟೂಲ್ ಗ್ರೇಡಲ್ ಇನ್ನೂ ಒಂದು ಹೆಜ್ಜೆ ಮುಂದೆ: ನೀವು ಅವಲಂಬಿಸಿದ ಮಾಡ್ಯೂಲಿನಲ್ಲಿ ಮೆಥಡ್‌ನ ಒಳಗಷ್ಟೇ ಬದಲಾಗಿ ಹೊರಗೆ ಕಾಣುವ ರೂಪ ಹಾಗೇ ಇದ್ದರೆ ನಿಮ್ಮದನ್ನು ಕಂಪೈಲ್ ಮಾಡುವುದಿಲ್ಲ. ಅದರ ಲಾಭ ಬೇಕೆಂದರೆ ಅವಲಂಬನೆಗಳನ್ನು ‘ಎಪಿಐ’ ಅಂತ ಕಣ್ಣುಮುಚ್ಚಿ ಬರೆಯದೆ, ಹೊರಗೆ ಕಾಣಬೇಕಿಲ್ಲದವನ್ನು ‘ಇಂಪ್ಲಿಮೆಂಟೇಶನ್’ ಅಂತ ಬರೆಯಬೇಕು. ರಸ್ಟ್‌ನವರಿಗೆ ಒಂದೇ ಮಾತು: ಬಿಲ್ಡ್ ಸ್ಕ್ರಿಪ್ಟ್ ಇದ್ದರೆ ‘ರೀರನ್ ಇಫ್ ಚೇಂಜ್ಡ್’ ಸಾಲು ಪ್ರಿಂಟ್ ಮಾಡಿಸಿ, ಇಲ್ಲದಿದ್ದರೆ ಪ್ಯಾಕೇಜಿನ ಯಾವ ಫೈಲ್ ಮುಟ್ಟಿದರೂ ಅದು ಓಡುತ್ತದೆ. ಆ ಸಾಲಿನಲ್ಲಿ ಡಿಸ್ಕ್‌ನಲ್ಲೇ ಇಲ್ಲದ ಫೈಲಿನ ಹೆಸರು ಬರೆದರೆ ಪ್ರತಿ ಸಲವೂ ಓಡುತ್ತದೆ.

ಚೊಗರನ್ನೇ ಚಿಕ್ಕದು ಮಾಡುವುದು

ಟೂಲ್ ಎಷ್ಟೇ ಜಾಣ ಇರಲಿ, ಲಾಟು.ಎಚ್ ನಿಜವಾಗಿಯೂ ಬದಲಾದರೆ ನಲವತ್ತೂ ಕಂಪೈಲ್ ಆಗಲೇಬೇಕು. ಹಾಗಾದರೆ ಅದು ಪದೇಪದೇ ಬದಲಾಗುವುದು ಯಾಕೆ? ತೆರೆದು ನೋಡಿದರೆ ಕಮಿಷನ್ ಶೇಕಡಾ ಎಷ್ಟು ಅನ್ನುವ ಡಿಫೈನ್ ಅದರಲ್ಲೇ ಕೂತಿರುತ್ತದೆ. ಅದನ್ನು ದರ.ಸಿ ಒಳಗೆ ವೇರಿಯಬಲ್ ಮಾಡಿ, ಹೆಡರ್‌ನಲ್ಲಿ ‘ಎಕ್ಸ್‌ಟರ್ನ್’ ಅಂತ ಹೆಸರು ಮಾತ್ರ ಬಿಡಿ. ಶೇಕಡಾ ಬದಲಿಸಿದಾಗ ಒಂದು ಕಂಪೈಲ್, ಒಂದು ಲಿಂಕ್. ಲಾಟಿನ ಪಾಯಿಂಟರ್ ಅನ್ನಷ್ಟೇ ದಾಟಿಸುವ ಫೈಲ್‌ಗಳಿಗೆ ಸ್ಟ್ರಕ್ಚರಿನ ಒಳಗು ಬೇಕಿಲ್ಲ. ಅಂಥವರಿಗೆ ‘ಸ್ಟ್ರಕ್ಟ್ ಲಾಟು’ ಅನ್ನುವ ಒಂದು ಸಾಲಿನ ಮುಂಘೋಷಣೆ ಸಾಕು, ಇನ್‌ಕ್ಲೂಡ್ ತೆಗೆಯಿರಿ. ಎಲ್ಲ ಹೆಡರ್‌ಗಳನ್ನೂ ಇನ್‌ಕ್ಲೂಡ್ ಮಾಡುವ ‘ಎಲ್ಲಾ.ಎಚ್’ ಇದ್ದರೆ ಕಂಪೈಲರ್ ಬರೆದ ಡಿ ಫೈಲ್‌ಗಳೆಲ್ಲ ಒಂದೇ ಥರ ಕಾಣುತ್ತವೆ. ಯಾವ ಹೆಡರ್ ಎಷ್ಟು ಡಿ ಫೈಲ್‌ಗಳಲ್ಲಿದೆ ಅಂತ ಗ್ರೆಪ್‌ನಿಂದ ಎಣಿಸಿ, ಗಿಟ್ ಲಾಗ್‌ನಲ್ಲಿ ಅದು ಎಷ್ಟು ಸಲ ಬದಲಾಗಿದೆ ಅಂತ ಎಣಿಸಿ, ಎರಡನ್ನೂ ಗುಣಿಸಿ. ಗುಣಲಬ್ಧ ದೊಡ್ಡದಿರುವ ಹೆಡರ್‌ನಿಂದ ಒಡೆಯಲು ಶುರುಮಾಡಿ.

ಲಿನಕ್ಸ್ ಕರ್ನಲ್‌ನಲ್ಲಿ ಇದೇ ಕಷ್ಟ ದೊಡ್ಡ ಪ್ರಮಾಣದಲ್ಲಿತ್ತು. ಸಾವಿರಾರು ಕಾನ್ಫಿಗ್ ಆಯ್ಕೆಗಳು ಒಂದೇ ಹೆಡರ್‌ನಲ್ಲಿ, ಪ್ರತಿ ಫೈಲಿಗೂ ಆ ಹೆಡರ್ ಬೇಕು. ಒಂದು ಆಯ್ಕೆ ಬದಲಿಸಿದರೆ ಇಡೀ ಕರ್ನಲ್ ಕಂಪೈಲ್ ಆಗಬೇಕಿತ್ತು. ಅವರು ‘ಫಿಕ್ಸ್‌ಡೆಪ್’ ಎಂಬ ಪುಟ್ಟ ಪ್ರೋಗ್ರಾಮ್ ಬರೆದರು. ಅದು ಕಂಪೈಲರ್ ಕೊಟ್ಟ ಡಿ ಫೈಲನ್ನು ಓದಿ, ಆ ದೊಡ್ಡ ಹೆಡರ್‌ನ ಹೆಸರು ತೆಗೆದುಹಾಕಿ, ಫೈಲಿನಲ್ಲಿ ನಿಜವಾಗಿ ಬಳಸಿದ ಆಯ್ಕೆಗಳು ಯಾವುವು ಅಂತ ಹುಡುಕಿ, ಒಂದೊಂದು ಆಯ್ಕೆಗೂ ಇರುವ ಖಾಲಿ ಫೈಲಿನ ಹೆಸರನ್ನು ಅಲ್ಲಿ ಬರೆಯುತ್ತದೆ. ಆಯ್ಕೆ ಬದಲಾದಾಗ ಅದರ ಖಾಲಿ ಫೈಲಿನ ಸಮಯ ಮಾತ್ರ ಬದಲಾಗುತ್ತದೆ. 1976ರ ಅದೇ ಸಮಯ ಹೋಲಿಸುವ ನಿಯಮ, ಅದೇ ಮೇಕ್. ಕೊಟ್ಟ ಲೆಕ್ಕ ಮಾತ್ರ ಸಣ್ಣದಾಗಿ ಬಿಡಿಸಿದ್ದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆ: ಹಾಗಾದರೆ ಕ್ಲೀನ್ ಬೇಡವೇ ಬೇಡವಾ? ಕಂಪೈಲರ್ ಅಪ್‌ಗ್ರೇಡ್ ಆದಾಗ ಬೇಕು. ಎಂಎಂಡಿ ಸಿಸ್ಟಮ್ ಹೆಡರ್‌ಗಳನ್ನು ಪಟ್ಟಿಗೆ ಸೇರಿಸುವುದಿಲ್ಲವಾದ್ದರಿಂದ ಲೈಬ್ರರಿ ಪ್ಯಾಕೇಜ್ ಬದಲಾದಾಗಲೂ ಬೇಕು, ಅಥವಾ ಅದರ ಬದಲು ‘ಎಂಡಿ’ ಕೊಟ್ಟರೆ ಅವೂ ಪಟ್ಟಿಗೆ ಬರುತ್ತವೆ. ಗ್ರಾಹಕರಿಗೆ ಕೊಡುವ ಕೊನೆಯ ಬಿಲ್ಡ್ ಅನ್ನು ಖಾಲಿ ಫೋಲ್ಡರಿನಲ್ಲೇ ಮಾಡಿ. ಉಳಿದ ಯಾವ ಹೊತ್ತಿನಲ್ಲಿ ಕ್ಲೀನ್ ಹೊಡೆಯಬೇಕು ಅನ್ನಿಸಿದರೂ, ಹೊಡೆಯುವ ಮೊದಲು ಇಡೀ ಬಿಲ್ಡ್ ಫೋಲ್ಡರನ್ನು ‘ಸಿಪಿ ಎ’ಯಿಂದ ಪಕ್ಕಕ್ಕೆ ನಕಲು ಮಾಡಿಟ್ಟುಕೊಳ್ಳಿ. ಕ್ಲೀನ್ ನಂತರ ತೊಂದರೆ ಹೋಯಿತು ಅಂದರೆ, ಹಳೇ ನಕಲಿನ ಆಬ್ಜೆಕ್ಟ್‌ಗಳನ್ನು ಹೊಸದರ ಜೊತೆ ‘ಸಿಎಂಪಿ’ಯಿಂದ ಹೋಲಿಸಿ. ಬೇರೆಯಾಗಿರುವ ಆಬ್ಜೆಕ್ಟ್‌ನ ಡಿ ಫೈಲ್ ತೆರೆದು ಯಾವ ಹೆಸರು ಬಿಟ್ಟುಹೋಗಿದೆ ಅಂತ ಹುಡುಕಿ, ಮೇಕ್‌ಫೈಲ್ ತಿದ್ದಿ.